ಓರೆ ಹಡಗಿನೊಳಗಿನ ಸಂತೆ

ನಾನು ಕೆಲಸ ಮಾಡುತ್ತಿದ್ದ ಪ್ರಕಾಶನದ ಬಾಗಿಲಿಗೆ ಬೋರ್ಡು ಇರಲಿಲ್ಲ. ಇಂದಿರಾನಗರದ ಒಳಗಿನ ಒಂದು ಕ್ರಾಸಿನಲ್ಲಿ, ಕೆಳಗೆ ಕನ್ನಡಕದ ಅಂಗಡಿ, ಮೇಲೆ ನಾವು. ಕೊರಿಯರ್‌ನವರು ಪ್ರತಿ ಸಲವೂ ಫೋನ್ ಮಾಡಿ ದಾರಿ ಕೇಳುತ್ತಿದ್ದರು. ಸೇರಿದ ಹೊಸತರಲ್ಲಿ ಪ್ರಕಾಶಕರನ್ನು ಕೇಳಿದ್ದೆ.

"ಲೈಸೆನ್ಸ್ ಕೊಟ್ಟಿರೋ ಕಂಪನಿ ಹೆಸರನ್ನ ಬೋರ್ಡ್ ಮೇಲೆ ಹಾಕೋ ಹಾಗಿಲ್ಲ ಮೇಡಂ. ಅವರ ಹೆಸರಿಲ್ದೆ ಬರೀ ನಮ್ಮ ಹೆಸರು ಯಾರಿಗೆ ಬೇಕು?"

ಉತ್ತರ ಸರಿಯಾಗಿಯೇ ಇತ್ತು. ಆದರೆ ಯಾರಾದರೂ ಕೇಳಿಯೇ ಕೇಳುತ್ತಾರೆಂದು ಮೊದಲೇ ಹೊಂದಿಸಿಟ್ಟುಕೊಂಡ ಉತ್ತರದ ಹಾಗೆ ಕೇಳಿಸಿತು. ನನಗೆ ಹಾಗೆ ಬೇಗ ಅನಿಸುತ್ತದೆ.

ನಮ್ಮ ಕೆಲಸವನ್ನು ಹೇಳಿದರೆ ಸುಲಭ, ನಂಬಿಸುವುದು ಕಷ್ಟ. ತುಂಬ ಜನ ಆಡುವ ಒಂದು ವಿಡಿಯೋ ಗೇಮ್ ಇದೆ. ಕಡಲು ಬತ್ತಿಹೋದ ಲೋಕ. ಅದರ ತಳದಲ್ಲಿ ಅಡ್ಡಾದಿಡ್ಡಿ ಬಿದ್ದ ಹಡಗುಗಳೇ ಊರುಗಳು. ಆಡುವವರು ಊರಿಂದೂರಿಗೆ ನೀರು ಹುಡುಕುತ್ತ ನಡೆಯಬೇಕು. ಅದೇ ಲೋಕವನ್ನು ಪರದೆಯಿಲ್ಲದೆ, ಮೇಜಿನ ಸುತ್ತ ಕುಳಿತು ಮಾತಿನಲ್ಲೇ ಆಡುವವರೂ ಇದ್ದಾರೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ ಹಿಡಿದು "ನಾನು ಏಣಿ ಹತ್ತುತ್ತೇನೆ", "ನಾನು ಸುಳ್ಳು ಹೇಳುತ್ತೇನೆ" ಎನ್ನುತ್ತಾರೆ. ಅದು ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಹಾಗೆ ಆಡಲು ಬೇಕಾದ ಪುಸ್ತಕಗಳನ್ನು ನಾವು ಇಂಗ್ಲಿಷಿನಲ್ಲಿ ಹೊರತರುತ್ತಿದ್ದೆವು. ವಿಡಿಯೋ ಗೇಮಿನಲ್ಲಿ ಹೊಸ ಪ್ರದೇಶ ಬಂದಾಗಲೆಲ್ಲ ನಮ್ಮಲ್ಲಿ ಒಂದು ಪುರವಣಿ ಪುಸ್ತಕ. ಬರೆಯುವುದು, ನಿಯಮಗಳನ್ನು ಕೂಡಿಸುವುದು ನನ್ನ ಕೆಲಸ. ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಸಂಖ್ಯಾಶಾಸ್ತ್ರ. ಅದು ದಾಳದ ಲೆಕ್ಕಕ್ಕೆ ಒದಗಿ ಬಂದದ್ದು ಇಲ್ಲಿಯೇ.

ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ "ಪಬ್ಲಿಷಿಂಗ್" ಎಂದಷ್ಟೇ ಹೇಳಿದ್ದೆ.

"ಪಠ್ಯಪುಸ್ತಕಾನಾ?" ಎಂದು ಅಮ್ಮ ಕೇಳಿದ್ದರು.

"ಹೂಂ, ಆ ಥರದ್ದೇ."

ನಾವು ಬರೆದದ್ದೆಲ್ಲ ಗೇಮಿನ ಕಂಪನಿಯ ಕಣ್ಣು ದಾಟಬೇಕಿತ್ತು. ಆ ಕಂಪನಿ ಬೇರೆ ದೇಶದ್ದು. ಒಂದೊಂದು ಅಧ್ಯಾಯವನ್ನೂ ಪ್ರಕಾಶಕರು ಅವರಿಗೆ ಕಳಿಸುತ್ತಿದ್ದರು. ಕೆಲವು ದಿನಗಳಲ್ಲಿ ಅಲ್ಲಿಂದ ಟಿಪ್ಪಣಿ ಬರುತ್ತಿತ್ತು. ಪ್ರಕಾಶಕರು ಅದನ್ನು ನನಗೆ ದಾಟಿಸುತ್ತಿದ್ದರು. ಬರೆಯುವವರು ಯಾರೆಂದು ತಿಳಿಯದ ಕಾರಣ ನಾವು ಅವರನ್ನು 'ಒಪ್ಪಿಗೆಯವರು' ಎನ್ನುತ್ತಿದ್ದೆವು. ಟಿಪ್ಪಣಿಗಳು ಚೆನ್ನಾಗಿರುತ್ತಿದ್ದವು. ಎಲ್ಲಿ ನಾನು ಬೇಸತ್ತು ಬರೆದಿದ್ದೆನೋ ಸರಿಯಾಗಿ ಅಲ್ಲಿಯೇ ಅವರ ಬೆರಳು ಇರುತ್ತಿತ್ತು. ಅವರ ಜೊತೆ ಬರಹದಲ್ಲಿ ಜಗಳವಾಡುವುದು ನನಗೆ ಇಷ್ಟವಾಗಿತ್ತು ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

ಆ ಗೇಮಿನ ಹೊಸ ಪ್ರದೇಶದಲ್ಲಿ, ದೂರದ ಅಂಚಿನಲ್ಲಿ, ಓರೆಯಾಗಿ ನಿಂತ ಒಂದು ದೊಡ್ಡ ಹಡಗು ಕಾಣುತ್ತದೆ. ಅದರ ಬಳಿ ಹೋಗಬಹುದು, ಒಳಗೆ ಹೋಗಲಾಗದು. ಬಾಗಿಲು ಗೋಡೆಯ ಮೇಲೆ ಬಿಡಿಸಿದ ಚಿತ್ರದಷ್ಟೇ. ಬೇರೆ ಎಲ್ಲ ಅಧ್ಯಾಯಗಳಲ್ಲಿ ನಾನು ಪರದೆಯ ಮೇಲೆ ಕಂಡದ್ದನ್ನು ನಿಯಮಕ್ಕೆ ಇಳಿಸುತ್ತಿದ್ದೆ. ಈ ಹಡಗಿನ ಒಳಗೆ ಕಾಣುವುದು ಏನೂ ಇರಲಿಲ್ಲ. ಹಾಗಾಗಿ ಅಲ್ಲೊಂದು ಸಂತೆ ಬರೆದೆ. ನೆಲವೇ ಓರೆಯಾದ್ದರಿಂದ ಒಬ್ಬರ ತಲೆಯ ಮೇಲೆ ಇನ್ನೊಬ್ಬರ ಅಂಗಡಿ. ತೂಗುಹಾಕಿದ ತಕ್ಕಡಿಗಳು, ಮೇಲಿನಿಂದ ಕೆಳಕ್ಕೆ ಉರುಳಿ ಬರುವ ನಿಂಬೆಹಣ್ಣು, ಮೂರು ಭಾಷೆಯಲ್ಲಿ ಒಟ್ಟಿಗೆ ಕೂಗುವ ಮಾಂಸದಂಗಡಿಯವನು. ಚಿಕ್ಕವಳಿದ್ದಾಗ ಅಮ್ಮನ ಜೊತೆ ಬಸ್ಸಿನಲ್ಲಿ ಶಿವಾಜಿನಗರದ ಮಾರುಕಟ್ಟೆಗೆ ಹೋಗಿ, ಹೂವು ತರಕಾರಿ ಮುಗಿಸಿ, ಕಮರ್ಷಿಯಲ್ ಸ್ಟ್ರೀಟಿನಲ್ಲಿ ರವಿಕೆ ಬಟ್ಟೆ ನೋಡಿ ಬರುತ್ತಿದ್ದ ದಿನಗಳೆಲ್ಲ ನನಗೆ ತಿಳಿಯದೆ ಅಲ್ಲಿಗೆ ಬಂದು ಕೂತಿದ್ದವು. ಆ ಪುಸ್ತಕದಲ್ಲಿ ನನ್ನದು ಅನ್ನಬಹುದಾದ ಅಧ್ಯಾಯ ಅದೊಂದೇ. ಅದು ಅಚ್ಚಾಗಬೇಕೆಂದು ನಾನು ಎಷ್ಟು ಬಯಸಿದ್ದೆನೆಂದರೆ, ಅದರ ಬಗ್ಗೆ ಯಾರೊಂದಿಗೂ ಉತ್ಸಾಹದಿಂದ ಮಾತಾಡಲೇ ಇಲ್ಲ.

ಅಚ್ಚಿಗೆ ಮೊದಲು ಪುಸ್ತಕವನ್ನು ಆಡಿ ನೋಡುವುದು ನಮ್ಮಲ್ಲಿ ರೂಢಿ. ಭಾನುವಾರ ಬೆಳಿಗ್ಗೆ ಆಫೀಸಿನ ಮೇಜಿನ ಸುತ್ತ ಕೂರುತ್ತಿದ್ದೆವು. ಆ ಸಲ ಆಡಲು ಬಂದವರು ಇಬ್ಬರು. ಒಬ್ಬರು ಶಿವಾಜಿನಗರದವರೇ, ಶಾಲೆಯಲ್ಲಿ ಗಣಿತ ಹೇಳುವ ಮೇಷ್ಟ್ರು. ಇನ್ನೊಬ್ಬಳು ಕಲಬುರಗಿಯ ಕಡೆಯ ಹುಡುಗಿ. ಬೈಯಪ್ಪನಹಳ್ಳಿಯಲ್ಲಿ ರೂಮು, ಕೆ.ಆರ್. ಪುರದ ಆಚೆ ಒಂದು ಆಫೀಸಿನಲ್ಲಿ ವಿಡಿಯೋ ಗೇಮುಗಳ ತಪ್ಪು ಹುಡುಕುವ ಕೆಲಸ. ಪ್ರಕಾಶಕರು ಆಡುತ್ತಿರಲಿಲ್ಲ. ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ಕೂತು ನಡುನಡುವೆ ಟೀ ತರಿಸುತ್ತಿದ್ದರು. ಕಥೆ ನಡೆಸುವವಳು ನಾನು.

ಸಂತೆಯಲ್ಲಿ ನಾನು ಬರೆದಿದ್ದದ್ದು ದೀಪ ಮಾರುವ ಗಂಡಸು. ಆಡುವಾಗ ಬಾಯಿಗೆ ಬಂದದ್ದು ಹೂವು ಮಾರುವ ಮುದುಕಿ. ಹೀಗಾಗುತ್ತದೆ. ಕಥೆ ನಡೆಸುವ ಯಾರೂ ಬರೆದದ್ದನ್ನು ಬರೆದ ಹಾಗೆ ನಡೆಸುವುದಿಲ್ಲ, ಸ್ವತಃ ಬರೆದವರು ಕೂಡ.

"ಕಡಲೇ ಒಣಗಿದೆ, ಹೂವೆಲ್ಲಿಂದ ಬಂತು ಮೇಡಂ?" ಎಂದರು ಮೇಷ್ಟ್ರು.

"ಉಪ್ಪಿನ ಹರಳಿನ ಹೂವು. ಪೋಣಿಸಿಟ್ಟಿದ್ದಾಳೆ. ಮೊಳದ ಲೆಕ್ಕ. ಆದ್ರೆ ಅವಳ ಕೈಯಲ್ಲಿ ಅಳೆಯಲ್ಲ. ನಿಮ್ಮ ಕೈ ಹಿಡಿದು ಅಳೀತಾಳೆ."

"ಅರೆ, ಹಾಗಾದ್ರೆ ನಾನೇ ಹೋಗ್ತೀನಿ. ನನ್ ಕೈ ಉದ್ದ ಇದೆ, ಹೂವು ಜಾಸ್ತಿ ಬರುತ್ತೆ!"

"ಮೇಷ್ಟ್ರ ಕೈ ಉದ್ದ, ಕಿಸೆ ಗಿಡ್ಡ," ಎಂದಳು ಕಲಬುರಗಿಯ ಹುಡುಗಿ.

"ಅವಳು ಹಿಡಿದ ಕೈನ ಬೇಗ ಬಿಡಲ್ಲ," ಎಂದೆ. "ಹಿಡ್ಕೊಂಡಿರೋವರೆಗೂ ನೀವು ಸುಳ್ಳು ಹೇಳೋ ಹಾಗಿಲ್ಲ. ದಾಳ ಕೂಡ ಇಲ್ಲ. ಕೇಳಿದ್ದಕ್ಕೆ ನಿಜ ಹೇಳ್ಬೇಕು."

ಮೇಷ್ಟ್ರು ಮೇಜಿನ ಮೇಲೆ ಚಾಚಿದ್ದ ತಮ್ಮ ಕೈಯನ್ನು ನಿಜಕ್ಕೂ ಹಿಂದಕ್ಕೆ ಎಳೆದುಕೊಂಡರು. "ಯೇ ತೋ ಜುಲುಮ್ ಹೈ, ಅನ್ಯಾಯ ಇದು!" ಎಂದು ನಕ್ಕರು, ಆದರೆ ಕೈಯನ್ನು ಮತ್ತೆ ಚಾಚಲಿಲ್ಲ. ಅಧ್ಯಾಯ ಗೆದ್ದಿತು ಎಂದು ನನಗೆ ಆಗ ಗೊತ್ತಾಯಿತು.

ಆ ವಾರದಲ್ಲೇ ಟಿಪ್ಪಣಿ ಬಂತು. ಓರೆ ಹಡಗಿನ ಅಧ್ಯಾಯವನ್ನು ಪೂರ್ತಿ ತೆಗೆಯಬೇಕು. ಆ ಹಡಗಿನ ಒಳಗೆ ಏನಿದೆಯೆಂದು ಹೇಳುವ ಹಕ್ಕು ಕಂಪನಿಯದು, ಮುಂದೆಂದಾದರೂ ಗೇಮಿನಲ್ಲೇ ಬರಬಹುದು. ಕಾರಣ ಸರಿಯಾಗಿತ್ತು. ಬೇಸರವನ್ನು ನುಂಗಿಕೊಂಡು ಕೊನೆಯ ಸಾಲಿಗೆ ಬಂದೆ. ಅಲ್ಲಿ ಸಮಾಧಾನದ ಧಾಟಿಯಲ್ಲಿ ಹೀಗಿತ್ತು: ಕೊಳ್ಳುವವರ ಕೈ ಹಿಡಿದು ಅಳೆಯುವ ಮುದುಕಿ ಒಳ್ಳೆಯ ಪಾತ್ರ, ಬೇರೆಲ್ಲಾದರೂ ಬಳಸಿಕೊಳ್ಳಬಹುದು.

ನಾನು ಆ ಸಾಲನ್ನು ಮತ್ತೆ ಓದಿದೆ. ಕಂಪನಿಗೆಂದು ನಾನು ಕೊಟ್ಟ ಅಧ್ಯಾಯದಲ್ಲಿ ಮುದುಕಿ ಇರಲಿಲ್ಲ. ದೀಪ ಮಾರುವ ಗಂಡಸಿದ್ದ. ಮುದುಕಿ ಇದ್ದದ್ದು ಭಾನುವಾರದ ಮೇಜಿನ ಮೇಲೆ, ಅದೂ ನನ್ನ ಬಾಯಿಮಾತಿನಲ್ಲಿ ಮಾತ್ರ.

ಯಾರಿಗೂ ಏನೂ ಹೇಳಲಿಲ್ಲ. ಹೇಳುವ ಮೊದಲು ಖಚಿತ ಮಾಡಿಕೊಳ್ಳುವುದು ನನ್ನ ಅಭ್ಯಾಸ. ಮೊದಲ ಅನುಮಾನ ಹೋದದ್ದು ಕಲಬುರಗಿಯ ಹುಡುಗಿಯ ಮೇಲೆ. ಗೇಮಿನ ಉದ್ಯಮದಲ್ಲಿರುವವಳು ಅವಳೊಬ್ಬಳೇ. ಯಾವ ಕಂಪನಿಗಳ ಗೇಮು ಅವಳ ಆಫೀಸಿಗೆ ಬರುತ್ತದೆಂದು ಅವಳು ಎಂದೂ ಬಾಯಿಬಿಡುತ್ತಿರಲಿಲ್ಲ. ಗುಟ್ಟು ಕಾಯುವ ಕರಾರಿಗೆ ಸಹಿ ಹಾಕಿದ್ದೇನೆ ಎನ್ನುತ್ತಿದ್ದಳು. ಮುಂದಿನ ಭಾನುವಾರ ಆಟ ಮುಗಿದ ಮೇಲೆ, ನನ್ನ ಮನೆಯ ದಾರಿ ಅದಲ್ಲದಿದ್ದರೂ, ಅವಳ ಜೊತೆ ಮೆಟ್ರೋ ಸ್ಟೇಷನ್‌ವರೆಗೆ ನಡೆದೆ.

"ನಮ್ಮ ಆಟದ ವಿಷಯ ಆಫೀಸಲ್ಲಿ ಯಾರ ಹತ್ರಾನಾದ್ರೂ ಹೇಳ್ತೀಯಾ?"

"ಯಾರ ಮುಂದ ಹೇಳ್ಲಿ ಅಕ್ಕಾರ? ದಿನಾ ಬೆಳಗಾದ್ರ ಗೇಮಿನಾಗಿನ ಗ್ವಾಡಿಗಿ ಹಾಯ್ಕೋತ ಕೂಡೂದ ನನ್ನ ಕೆಲಸ. ಗ್ವಾಡ್ಯಾಗ ಎಲ್ಯಾರ ತೂರಿ ಆಕಡಿ ಹೋಗ್ತೀನೇನು ಅಂತ ನೋಡೂದು. ಒಂದ ಗ್ವಾಡಿ ಮುಗೀತಂದ್ರ ಇನ್ನೊಂದ ಗ್ವಾಡಿ. ಬಾಯಿ ತೆರೀಲಿಕ್ಕ ಪುರಸೊತ್ತೆಲ್ಲಿ?"

"ಒಪ್ಪಿಗೆಯವರು ಯಾರು ಅಂತ ನಿಂಗೇನಾದ್ರೂ ಗೊತ್ತಾ?"

ಅವಳು ಎಸ್ಕಲೇಟರಿನ ಬುಡದಲ್ಲಿ ನಿಂತುಬಿಟ್ಟಳು. ಹಿಂದಿನವರು ನಮ್ಮನ್ನು ಸುತ್ತುಹಾಕಿ ಹೋದರು.

"ನನ್ನ ಮ್ಯಾಲ ಡೌಟ್ ಬಂತೇನ್ರಿ?"

"ಇಲ್ಲ."

"ಬಂದದ. ಮಾರಿ ಮ್ಯಾಲ ಬರದಂಗ ಕಾಣ್ತದ. ದಾಳ ಉರುಳಸ್ರಿ ಬೇಕಾದ್ರ, ನಾ ಖರೇ ಹೇಳ್ಲಕತ್ತೀನೋ ಸುಳ್ಳೋ ನೋಡೂಣು." ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಾ ಆ ಕಂಪನಿ ಹೊಸ್ತಿಲಾನೂ ನೋಡಿಲ್ರಿ," ಎಂದಳು.

ಅವಳ ಮಾತನ್ನು ನಂಬಿದೆ, ಪೂರ್ತಿಯಾಗಿ ಅಲ್ಲ. ಮನೆಗೆ ನಡೆದು ಬರುವಾಗ ಟಿಪ್ಪಣಿಗಳನ್ನು ಬೇರೆ ಬಗೆಯಲ್ಲಿ ಯೋಚಿಸತೊಡಗಿದೆ. ಪ್ರಕಾಶಕರು ತಂಗಿಯ ಮದುವೆಗೆಂದು ಹೋಗಿದ್ದಾಗ ಒಂದೂ ಟಿಪ್ಪಣಿ ಬಂದಿರಲಿಲ್ಲ. ಅವು ಯಾವಾಗಲೂ ಅವರ ಮೂಲಕವೇ, ಅದೂ ನಕಲು ಮಾಡಿ ಅಂಟಿಸಿದ ರೂಪದಲ್ಲೇ ಬರುತ್ತಿದ್ದವು; ಕಂಪನಿಯ ಮೂಲ ಮೇಲ್ ಅನ್ನು ನಾನು ನೋಡಿಯೇ ಇರಲಿಲ್ಲ. ಲೈಸೆನ್ಸ್ ಇದೆ ಎಂಬುದೂ ಅವರು ಹೇಳಿದ್ದಷ್ಟೇ. ಲೈಸೆನ್ಸೇ ಇಲ್ಲದಿದ್ದರೆ ನನ್ನ ಅಧ್ಯಾಯ ಮಾತ್ರವಲ್ಲ, ಪುಸ್ತಕವೇ ಕದ್ದ ಮಾಲು, ಮುಖಪುಟದ ಮೇಲೆ ನನ್ನ ಹೆಸರು.

ಕಥೆ ನಡೆಸುವವರಿಗೆ ಗೊತ್ತಿರುವ ಒಂದು ಉಪಾಯವಿದೆ. ಆಡುವವರಲ್ಲಿ ಯಾರು ಗುಟ್ಟನ್ನು ಹೊರಗೆ ದಾಟಿಸುತ್ತಿದ್ದಾರೆಂದು ತಿಳಿಯಲು ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಸುಳ್ಳು ಹಾಕಿ ಕಾಯುವುದು. ಮರುದಿನ ಪ್ರಕಾಶಕರ ಮೇಜಿನ ಬಳಿ ನಿಂತು, ಸುಮ್ಮನೆ ನೆನಪಾದವಳಂತೆ, "ಮೂರನೇ ಅಧ್ಯಾಯದಲ್ಲಿ ಬಾವಿ ಕಾಯೋನು ಕೊನೇಲಿ ಸಾಯ್ಬೇಕಿತ್ತೇನೋ ಸರ್," ಎಂದೆ. ನನಗೆ ಹಾಗೇನೂ ಅನಿಸಿರಲಿಲ್ಲ. ಎಲ್ಲಿಯೂ ಬರೆಯಲಿಲ್ಲ, ಬೇರೆ ಯಾರಿಗೂ ಹೇಳಲಿಲ್ಲ. ಅವರು ಪರದೆಯಿಂದ ಕಣ್ಣೆತ್ತದೆ "ಹಾಂ, ನೋಡೋಣ," ಎಂದರು.

ಮುಂದಿನ ಟಿಪ್ಪಣಿಯಲ್ಲಿ ಒಪ್ಪಿಗೆಯವರು ಕೇಳಿದ್ದರು: ಬಾವಿ ಕಾಯುವವನು ಸತ್ತರೆ ಅಧ್ಯಾಯಕ್ಕೆ ತೂಕ ಬರುವುದಿಲ್ಲವೇ?

ಪ್ರಕಾಶಕರು ಫೋನಿನಲ್ಲಿ ಅವರಿಗೆ ಹೇಳಿದ್ದಿರಬಹುದು. ಆ ಒಂದು ಸಾಧ್ಯತೆ ಉಳಿದಿತ್ತು. ಮಧ್ಯಾಹ್ನ ಪಕ್ಕದ ದರ್ಶಿನಿಯಲ್ಲಿ, ನಿಂತು ಕಾಫಿ ಕುಡಿಯುವ ಮೇಜಿನ ಬಳಿ ಅವರೊಬ್ಬರೇ ಇದ್ದದ್ದು ನೋಡಿ ಹೋದೆ.

"ಒಪ್ಪಿಗೆಯವರ ಹತ್ರ ನಾನೊಂದ್ಸಲ ಮಾತಾಡ್ಬೇಕು ಸರ್."

"ಅಯ್ಯೋ, ಅವ್ರು ಫೋನೆಲ್ಲ ತೆಗೆಯಲ್ಲ ಮೇಡಂ. ನನ್ ಹತ್ರಾನೂ ಮಾತಾಡಿಲ್ಲ."

"ಹಾಗಿದ್ರೆ ಬಾವಿ ಕಾಯೋನ ವಿಷಯ ಅವರಿಗೆ ಹೇಗೆ ಗೊತ್ತಾಯ್ತು? ಅದನ್ನ ನಾನು ಹೇಳಿದ್ದು ನಿಮಗೊಬ್ರಿಗೆ. ಅದೂ ಸುಳ್ಳು."

ಅವರು ಲೋಟವನ್ನು ಬಟ್ಟಲೊಳಗೆ ಇಟ್ಟರು. "ಸುಳ್ಳಾ?" ಎಂದರು. ಮುಖದಲ್ಲಿ ಮೊದಲು ಕಂಡದ್ದು ಭಯವಲ್ಲ, ನಿರಾಸೆ. "ಒಳ್ಳೇ ಐಡಿಯಾ ಅನ್ಸಿತ್ತಲ್ರೀ ನಂಗೆ."

ಆಮೇಲೆ ಅವರಾಗಿಯೇ ಹೇಳಿದರು. ಲೈಸೆನ್ಸ್ ನಿಜ. ಕಂಪನಿಗೆ ಅಧ್ಯಾಯಗಳನ್ನು ಕಳಿಸಿದ್ದೂ ನಿಜ. ಆದರೆ ಅಲ್ಲಿಂದ ಒಂದು ಸಲವೂ ಉತ್ತರ ಬಂದಿರಲಿಲ್ಲ. ಇಂತಿಷ್ಟು ದಿನ ಉತ್ತರವಿಲ್ಲದಿದ್ದರೆ ಒಪ್ಪಿಗೆ ಎಂದೇ ಅರ್ಥ, ಹಾಗೆ ಕರಾರು. ಟಿಪ್ಪಣಿಗಳೆಲ್ಲ ಅವರವೇ.

"ನಿಮ್ಮ ಹೆಸರಲ್ಲೇ ಹೇಳ್ಬಹುದಿತ್ತು."

"ಮೊದಲನೇ ಪುಸ್ತಕದಲ್ಲಿ ಹೇಳಿದ್ದೆ. ನೆನಪಿದ್ಯಾ? ಒಂದನ್ನೂ ಒಪ್ಲಿಲ್ಲ ನೀವು. ಅದೇ ಮಾತನ್ನ ಕಂಪನಿ ಹೇಳ್ತು ಅಂದಾಗ ಕೂತು ತಿದ್ದಿದ್ರಿ."

ಅದು ನಿಜವಾಗಿತ್ತು. ನಿಜವಾದ್ದರಿಂದಲೇ ಇನ್ನಷ್ಟು ಕೋಪ ಬಂತು.

"ಹಡಗಿನ ಅಧ್ಯಾಯ?"

"ಅದೊಂದು ಅವರ ಕಣ್ಣಿಗೆ ಬಿದ್ದಿದ್ರೆ ಇಡೀ ಪುಸ್ತಕ ನಿಲ್ಸೋರು. ಅವರು ಮಲಗಿದಾರೆ ಮೇಡಂ. ಎಬ್ಬಿಸೋದ್ಯಾಕೆ? ಅದಕ್ಕೇ ಅದನ್ನ ಕಳಿಸ್ಲೂ ಇಲ್ಲ."

ಹಾಗಾದರೆ ಕಂಪನಿಯಲ್ಲಿ 'ಬೇಡ' ಎಂದವರು ಯಾರೂ ಇಲ್ಲ. ನನಗೆ ಹೊಳೆದದ್ದು ಅಷ್ಟೇ. ಕಂಪನಿಯವರ ಜೊತೆ ನನ್ನ ಎದುರಿನಲ್ಲೇ ಮಾತಾಡಬೇಕು, ಇಲ್ಲದಿದ್ದರೆ ನನ್ನ ಹೆಸರು ತೆಗೆಯಿರಿ ಎಂದೆ. ಅವರು ಬಹಳ ಹೊತ್ತು ಬೇಡವೆಂದರು, ಕೊನೆಗೆ ಒಪ್ಪಿದರು. ಕರೆ ಹೊಂದಿಸಲು ಎರಡು ವಾರ ಹಿಡಿಯಿತು. ಆ ಎರಡು ವಾರವೂ, ಪರದೆಯ ಮೇಲೆ ಬರುವವನು ಪ್ರಕಾಶಕರ ಗೆಳೆಯನೇ ಇರಬಹುದೇ ಎಂದು ಯೋಚಿಸುತ್ತಿದ್ದೆ.

ಬಂದವನು ಯುವಕ, ಹಿಂದೆ ಗೇಮಿನ ಹಡಗುಗಳ ದೊಡ್ಡ ಚಿತ್ರ. ಕಂಪನಿಯ ಜಾಲತಾಣದಲ್ಲಿ ಅವನ ಮುಖವನ್ನು ನಾನು ಮೊದಲೇ ಹುಡುಕಿ ನೋಡಿಟ್ಟುಕೊಂಡಿದ್ದೆ. ಅವನೇ. ನಮ್ಮ ಪುಸ್ತಕಗಳು ಇನ್ನೂ ಬರುತ್ತಿವೆಯೇ ಎಂದು ಅವನಿಗೆ ಆಶ್ಚರ್ಯವಾಯಿತು. ಕಳಿಸಿದ್ದನ್ನು ಓದುವವರು ಕೆಲಸ ಬಿಟ್ಟು ಬಹಳ ದಿನವಾಯಿತು, ಆ ಜಾಗಕ್ಕೆ ಯಾರೂ ಬಂದಿಲ್ಲ ಎಂದ. ಓರೆ ಹಡಗಿನ ಒಳಗೆ ಏನಿದೆ ಎಂದು ಕೇಳಿದೆ.

"ಯಾವ ಹಡಗು?" ಎಂದ. ತೋರಿಸಿದೆ. "ಓ, ಅದಾ! ಅದು ಹಿನ್ನೆಲೆಗೆಂದು ಚಿತ್ರ ಬಿಡಿಸುವವರು ಇಟ್ಟದ್ದು. ಒಳಗೆ ಏನೂ ಇಲ್ಲ."

ನನಗೆ ಒಂದು ಕ್ಷಣ ಬಾಗಿಲು ತೆರೆದಂತಾಯಿತು. "ಅಲ್ಲೊಂದು ಸಂತೆ ಬರೆಯಬಹುದೇ?" ಎಂದೆ. ಬರೆದಿದ್ದೇನೆ ಎನ್ನಲಿಲ್ಲ.

ಅವನು ಕುರ್ಚಿಯಲ್ಲಿ ಮುಂದಕ್ಕೆ ಬಂದ. ಅಲ್ಲಿಯವರೆಗೆ ಅವನ ಕಣ್ಣು ಬೇರೆ ಯಾವುದೋ ಪರದೆಯ ಮೇಲಿತ್ತು. "ಸಂತೆ? ಓರೆಯಾದ ಹಡಗಿನಲ್ಲಿ? ಅದು ಸೊಗಸಾಗಿದೆ. ಬರೆದಿದ್ದರೆ ಕಳಿಸಿ. ನಿಮಗೆ ಗೊತ್ತಲ್ಲ, ಒಪ್ಪಿಗೆಗೆ ಬಂದದ್ದು ನಮ್ಮ ಲೋಕದ ಭಾಗ, ಅಂದರೆ ನಮ್ಮದಾಗುತ್ತದೆ. ಆಮೇಲಿನದನ್ನು ನಮ್ಮವರು ನೋಡಿಕೊಳ್ಳುತ್ತಾರೆ. ಮುಂದಿನ ಭಾಗಕ್ಕೆ ನಾವು ಇಂಥದ್ದನ್ನೇ ಹುಡುಕುತ್ತಿದ್ದೇವೆ."

ನಗುತ್ತಲೇ ಹೇಳಿದ. ಅದರಲ್ಲಿ ಮೋಸವೇನೂ ಇರಲಿಲ್ಲ. ಎಲ್ಲವನ್ನೂ ಬಿಡಿಸಿ ಹೇಳಿದ್ದ. ನನಗೆ ಅನುಮಾನ ಬಂದದ್ದೂ ಅದಕ್ಕೇ.

ಕರೆ ಮುಗಿದಾಗ ಪ್ರಕಾಶಕರು ಎದ್ದೇ ನಿಂತಿದ್ದರು. ಎಬ್ಬಿಸಬೇಡಿ ಎಂದವರೇ ಈಗ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು.

"ಕಳಿಸ್ಬಿಡಿ ಮೇಡಂ, ಇವತ್ತೇ! ಗೇಮ್‌ನಲ್ಲೇ ಬರಬಹುದು. ಅಷ್ಟು ಜನ ನೋಡ್ತಾರೆ."

"ಯಾರದ್ದು ಅಂತ ನೋಡ್ತಾರೆ?"

"ಅದೆಲ್ಲ ಯಾರು ಕೇಳ್ತಾರೆ? ನಿಮಗೆ ಗೊತ್ತಿರತ್ತಲ್ಲ."

"ನಂಗೆ ಈಗ್ಲೂ ಗೊತ್ತಿದೆ ಸರ್."

ಅವರು ನಿಂತರು. ಬೇರೆ ದನಿಯಲ್ಲಿ, "ಅದಕ್ಕೇ ನಾನು ಮೊದಲೇ ತೆಗೀರಿ ಅಂದಿದ್ದು, ಅವರದ್ದಾಗಿಬಿಡತ್ತೆ ಅಂತ," ಎಂದರು. ಅದನ್ನು ನಾನು ನಂಬಲಿಲ್ಲ. ಈಗಲೂ ಪೂರ್ತಿ ನಂಬಿಲ್ಲ. ಆದರೆ ಹಾಗೆ ಹೇಳಬೇಕೆಂದು ಅವರಿಗೆ ಅನಿಸಿತಲ್ಲ, ಅದನ್ನು ಮರೆತಿಲ್ಲ.

ಎರಡು ದಿನ ಯೋಚಿಸಿದೆ. ಆ ಮುದುಕಿ ಪರದೆಯ ಮೇಲೆ ಹೇಗಿರುತ್ತಾಳೆಂದು ಊಹಿಸಲು ಪ್ರಯತ್ನಿಸಿದೆ. ಚೆನ್ನಾಗಿಯೇ ಇರುತ್ತಾಳೆ. ನನಗಿಂತ ಚೆನ್ನಾಗಿ ಯಾರೋ ಅವಳ ಕೈಯ ನರಗಳನ್ನು ಬಿಡಿಸುತ್ತಾರೆ. ಒಂದು ಗುಂಡಿ ಒತ್ತಿದರೆ ಕೈ ಚಾಚುತ್ತಾಳೆ, ಇನ್ನೊಂದು ಒತ್ತಿದರೆ ಬಿಡುತ್ತಾಳೆ. ಮೇಷ್ಟ್ರು ತಮ್ಮ ಕೈಯನ್ನು ಹಿಂದಕ್ಕೆ ಎಳೆದುಕೊಂಡದ್ದು ಅದರಲ್ಲಿ ಎಲ್ಲಿಯೂ ಬರುವುದಿಲ್ಲ. ಅಮ್ಮನ ಸೆರಗು ಹಿಡಿದು ನಿಂತ ಆ ಮಾರುಕಟ್ಟೆ ಬೇರೆಯವರ ಆಸ್ತಿಯ ಒಂದು ಮೂಲೆಯಾಗುತ್ತದೆ. ನಾನೇ ಅದನ್ನು ಇನ್ನೊಂದು ಕಡೆ ಬರೆದರೆ, ಕದ್ದವಳು ನಾನಾಗುತ್ತೇನೆ.

ಆ ಯುವಕನಿಗೆ ನಾನೇ ಉತ್ತರ ಬರೆದೆ. ಸಂತೆ ಎಂಬುದು ಮಾತಿಗೆ ಬಂದ ಯೋಚನೆ ಅಷ್ಟೇ. ಹಡಗಿನ ಒಳಗೆ ನಾವು ಏನೂ ಬರೆದಿಲ್ಲ. ಪತ್ರದಲ್ಲಿ ಸುಳ್ಳು ಹೇಳುವುದು ನನಗೆ ರೂಢಿಯಿಲ್ಲ, ಆದ್ದರಿಂದ ಚಿಕ್ಕದಾಗಿ ಬರೆದೆ. ಅವನು ಹೆಬ್ಬೆರಳೆತ್ತಿದ ಒಂದು ಪುಟ್ಟ ಚಿತ್ರ ಕಳಿಸಿದ. ಪುಸ್ತಕದಲ್ಲಿ ಆ ಜಾಗಕ್ಕೆ ಒಂದು ವಾಕ್ಯ ಹಾಕಿದೆ: ಆ ಹಡಗನ್ನು ಹೊಕ್ಕು ಬಂದವರನ್ನು ಯಾರೂ ಕಂಡಿಲ್ಲ.

ಪುಸ್ತಕ ಅಚ್ಚಾಯಿತು. ಅದೇ ನಾನು ಪ್ರಕಾಶಕರಿಗೆ ಮಾಡಿಕೊಟ್ಟ ಕೊನೆಯ ಪುಸ್ತಕ. ಹೊರಡುವ ದಿನ ಅಧ್ಯಾಯದ ಪ್ರತಿಯನ್ನು ಅವರ ಲ್ಯಾಪ್‌ಟಾಪಿನಿಂದ ನನ್ನ ಎದುರಿಗೇ ಅಳಿಸಿ ಎಂದು ಕೇಳಿದೆ. ಅಳಿಸಿದರು.

"ಬ್ಯಾಕಪ್?"

"ಅದನ್ನೂ ತೆಗೆದಿದೀನಿ ಮೇಡಂ. ಇನ್ನೇನು, ನನ್ ತಲೆ ತೆರೆದು ತೋರಿಸ್ಲಾ?"

ಇಬ್ಬರೂ ನಕ್ಕೆವು. ಅವರ ತಲೆಯಲ್ಲಿ ಅದು ಇದ್ದೇ ಇತ್ತು. ಆ ಅಧ್ಯಾಯವನ್ನು ನನ್ನಷ್ಟೇ ಗಮನವಿಟ್ಟು ಓದಿದವರು ಅವರೊಬ್ಬರೇ, ಬೇರೆ ಹೆಸರಿನಲ್ಲಾದರೂ.

ಗೇಮಿನ ಹೊಸ ಭಾಗ ಬಂದಾಗಲೆಲ್ಲ ನಾನು ನೀರು ಹುಡುಕಲು ಹೋಗುವುದಿಲ್ಲ. ನೇರವಾಗಿ ಆ ಓರೆ ಹಡಗಿನ ಬಳಿ ನಡೆದು, ಯಾರಾದರೂ ಒಳಗೆ ಸಂತೆ ಕಟ್ಟಿದ್ದಾರೆಯೇ ಎಂದು ಬಾಗಿಲಿನ ಚಿತ್ರಕ್ಕೆ ಒಂದೆರಡು ಸಲ ಹಾಯುತ್ತೇನೆ. ಕಲಬುರಗಿಯ ಹುಡುಗಿಗೆ ಇದನ್ನು ಹೇಳಿದಾಗ, "ಗ್ವಾಡಿ ಗಟ್ಟಿ ಅದ ಬಿಡ್ರಿ ಅಕ್ಕಾರ," ಎಂದಳು. ಗಟ್ಟಿಯಾಗಿಯೇ ಇದೆ. ಆದರೂ ಪ್ರತಿ ಸಲ ಹೋಗಿ ನೋಡುತ್ತೇನೆ.